ಆರು ಭಾಷೆಯ ವರ

ಶಾಂತಕುಮಾರಿಯನ್ನು ನೋಡಲು ಬಂದ ಯಾವ ಗಂಡನ್ನೂ ಅವಳ ಸೋದರಮಾವ ಸಂಜೀವಪ್ಪ ಪರೀಕ್ಷೆ ಮಾಡದೆ ಬಿಟ್ಟವನಲ್ಲ. ಅವಳಿಗೆ ತಂದೆ ಇರಲಿಲ್ಲ. ತಾಯಿ ಮುನಿವೆಂಕಟಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗರುಡಾಚಾರ್‌ಪಾಳ್ಯದ ತವರಿಗೆ ಬಂದ ದಿನದಿಂದ ಆ ಮನೆಯಲ್ಲಿ ಸಂಜೀವಪ್ಪನದೇ ಮಾತು. ಉಳಿದವರದು ತಲೆಯಾಡಿಸುವ ಕೆಲಸ.

ಮೊದಲು ಬಂದ ಗಂಡು ತಾನು ಗರಡಿಯಲ್ಲಿ ಪಳಗಿದವನು ಎಂದ. ಸಂಜೀವಪ್ಪ ಅವನನ್ನು ಕೊಟ್ಟಿಗೆಗೆ ಕರೆದೊಯ್ದು ಕರುವನ್ನು ಎತ್ತಿ ತೋರಿಸಲು ಹೇಳಿದ. ಗಂಡು ಕರುವನ್ನು ಎತ್ತಿದ. ಹಸು ಗಂಡನ್ನು ಎತ್ತಿತು. ಎರಡನೆಯವನು ವಿಮಾನದ ಕಾರ್ಖಾನೆಯಲ್ಲಿ ಕೆಲಸ ಎಂದ. ಸಂಜೀವಪ್ಪ ಅವನನ್ನು ಅಂಗಳದಲ್ಲಿ ನಿಲ್ಲಿಸಿ, ಮೇಲೆ ಹೋಗುತ್ತಿದ್ದ ವಿಮಾನ ಯಾಕೆ ಬೀಳುತ್ತಿಲ್ಲ ಹೇಳು ನೋಡೋಣ ಎಂದ. ಹುಡುಗ ಕಾರ್ಖಾನೆಯ ಗೇಟು ಕಾಯುವವನು. “ಅದು ಒಳಗಿರೋರಿಗೆ ಗೊತ್ತು” ಎಂದ. ಅವನೂ ಕಾಫಿ ಕುಡಿದು ಹೋದ.

“ಹಿಂಗೇ ಆದ್ರೆ ಯಾರು ಸಿಕ್ತಾರೆ?” ಎಂದು ಮುನಿವೆಂಕಟಮ್ಮ ಕಣ್ಣೊರೆಸಿಕೊಂಡರೆ, “ಯಾರೂ ಸಿಗದಿದ್ರೆ ಕೃಷ್ಣರಾಜಪುರದ ವೆಂಕಟಸ್ವಾಮಿ ಇದ್ದೇ ಇದ್ದಾನೆ” ಎನ್ನುತ್ತಿದ್ದ ಸಂಜೀವಪ್ಪ. ವೆಂಕಟಸ್ವಾಮಿಯ ಹೆಂಡತಿ ತೀರಿಕೊಂಡಿದ್ದಳು, ಮಗಳಿಗೆ ಮದುವೆಯಾಗಿತ್ತು. ಸಂಜೀವಪ್ಪನ ಜೊತೆ ಚೌಕಾಬಾರ ಆಡುವವನಾದ್ದರಿಂದ ಅವನಿಗೆ ಪರೀಕ್ಷೆ ಬೇಕಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಹಲಸೂರಿನಿಂದ ಮೂರನೆಯ ಗಂಡು ಬಂದ. ಹೆಸರು ಮುನಿಆಂಜನಪ್ಪ. ಸಾಮಾನು ಸಾಗಿಸುವ ಹಡಗೊಂದರಲ್ಲಿ ಅಡುಗೆಯವನಾಗಿ ನಾಲ್ಕು ವರ್ಷ ಸಮುದ್ರದ ಮೇಲಿದ್ದು, ಈಗ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಸಂಬಂಧ ತಂದವನು ಬೈಲಪ್ಪ. ಅವನ ಬಾಯಿಯಲ್ಲಿ ಹಿತ್ತಲು ತೋಟವಾಗುತ್ತದೆ, ತೋಟ ಜಹಗೀರಾಗುತ್ತದೆ.

“ಅಷ್ಟು ದೇಶ ಸುತ್ತಿದ್ದೀಯಲ್ಲ, ಅಲ್ಲಿನ ಭಾಷೆ ಏನಾದ್ರೂ ಬರುತ್ತಾ?” ಎಂದು ಸಂಜೀವಪ್ಪ ಕೇಳಿದ.

“ಒಂದೊಂದು ಮಾತು” ಎಂದ ಮುನಿಆಂಜನಪ್ಪ.

“ಎಲ್ಲಿ, ಆಡು ನೋಡೋಣ.”

ಅವನು ಗಂಟಲು ಸರಿಮಾಡಿಕೊಂಡು ಒಂದೇ ಉಸಿರಿಗೆ ಹೇಳಿದ. “ಬುಲಾನ್, ವುಲಾನ್, ಉಲೆಂಗ್, ಬುವಾನ್, ವುಲಾ, ವೊಲಾನ.”

“ಆರು ಭಾಷೆ!” ಎಂದು ಬೈಲಪ್ಪ ತೊಡೆ ತಟ್ಟಿದ. “ಆರರಲ್ಲೂ ಹಿರಿಯರಿಗೆ ನಮಸ್ಕಾರ ಹೇಳಿದ್ದಾನೆ ಸಂಜೀವಣ್ಣ.” ಮುನಿಆಂಜನಪ್ಪ ಏನೋ ಹೇಳಲು ಬಾಯಿ ತೆರೆದ. ಬೈಲಪ್ಪ ಅದರೊಳಕ್ಕೆ ಒಂದು ಕಜ್ಜಾಯ ಇಟ್ಟುಬಿಟ್ಟ.

ತಟ್ಟೆ ಹಿಡಿದು ನಿಂತಿದ್ದ ಶಾಂತಕುಮಾರಿ ಗಂಡಿನ ಕಿವಿ ಕೆಂಪಾಗಿದ್ದನ್ನು ಕಂಡಳು. ಅವನು ಕಜ್ಜಾಯವನ್ನು ನಿಧಾನವಾಗಿ ಅಗಿದು, ನುಂಗಿ, “ಇದನ್ನ ಮಾಡಿದೋರು ಹಿಟ್ಟನ್ನ ಎರಡು ದಿನ ನೆನೆಯೋಕೆ ಬಿಟ್ಟಿದ್ದಾರೆ. ಆತುರ ಮಾಡಿಲ್ಲ” ಎಂದ. ಕಜ್ಜಾಯ ಮಾಡಿದವಳು ಅವಳೇ. ಅವಳು ಮಾಡಿದ್ದನ್ನು ಆ ಮನೆಯಲ್ಲಿ ಎಲ್ಲರೂ ತಿಂದಿದ್ದರು, ಒಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ. ಇವನೇ ಆಗಲಿ ಎಂದು ಅವಳು ಅಲ್ಲಿಯೇ ತೀರ್ಮಾನಿಸಿದಳು. ಅವಳ ತೀರ್ಮಾನವನ್ನು ಯಾರೂ ಕೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಆರು ಭಾಷೆಯ ಅಳಿಯನ ಸುದ್ದಿ ಊರೆಲ್ಲ ಹಬ್ಬಿತು. ಯಾರೋ ಒಬ್ಬರು ಚೀನಾದ ಡಬ್ಬಿ ತಂದು ಅದರ ಮೇಲೇನು ಬರೆದಿದೆ, ಅಳಿಯ ಬಂದಾಗ ಓದಿಸಿ ಎಂದು ಕೊಟ್ಟುಹೋದರು. ಪಕ್ಕದ ಬೀದಿಯ ದೊಡ್ಡಮುನಿಯಮ್ಮ ತನ್ನ ಮೂಕ ಮೊಮ್ಮಗನನ್ನು ಕರೆತಂದು, ಬಹುಶಃ ಇವನದು ಬೇರೆ ಭಾಷೆ ಇರಬೇಕು ಎಂದಳು. ಸಂಜೀವಪ್ಪ ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ‘ಷಡ್ಭಾಷಾ ಪ್ರವೀಣ’ ಎಂದು ಹಾಕಿಸಬೇಕೆಂದುಕೊಂಡ. ಆದರೆ ಅಚ್ಚಿಗೆ ಹೋಗುವ ಮಾತಿಗೆ ಆಧಾರ ಬೇಕು. ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಲ್ಲಿಯಲ್ಲಿ ಅಜ್ಮತ್ ಎಂಬ ದರ್ಜಿಯಿದ್ದ. ಅವನ ಹೆಂಡತಿ ನೂರುನ್ನೀಸಾ ಮಲಯದ ಪಿನಾಂಗಿನಲ್ಲಿ ಹುಟ್ಟಿದವಳು, ಜಪಾನಿನವರು ಅಲ್ಲಿಗೆ ನುಗ್ಗುವ ಮುಂಚೆ ಗಂಡನ ಜೊತೆ ಇಲ್ಲಿಗೆ ಬಂದವಳು ಎಂದು ಸಂಜೀವಪ್ಪನಿಗೆ ತಿಳಿದುಬಂತು.

“ಆಯಮ್ಮನ ಜೊತೆ ಅವನು ಮಾತಾಡ್ಲಿ. ಆಯಮ್ಮ ಸರಿ ಅಂದ್ರೆ ಪತ್ರಿಕೆ ಅಚ್ಚಿಗೆ. ಇಲ್ಲ ಅಂದ್ರೆ ವೆಂಕಟಸ್ವಾಮಿಗೆ ಹೇಳಿ ಕಳಿಸೋದು” ಎಂದ. ಮದುವೆಯ ರವಿಕೆಗೆ ಅಳತೆಯೂ ಆಗಲಿ ಎಂದು ಶಾಂತಕುಮಾರಿಯನ್ನೂ ಗಾಡಿ ಹತ್ತಿಸಿದ.

ಅಜ್ಮತನ ಅಂಗಡಿಯ ಹಿಂದೆಯೇ ಅವನ ಮನೆ. ನಡುವೆ ಒಂದು ದಪ್ಪ ಪರದೆ. ಗಂಡಸರ ಅಳತೆ ಪರದೆಯ ಈಚೆ, ಹೆಂಗಸರದು ಆಚೆ. ಸಂಜೀವಪ್ಪ ಈಚೆ ಬೆಂಚಿನ ಮೇಲೆ ಮೀಸೆ ಸವರಿಕೊಂಡು ಕೂತ. ಪಕ್ಕದಲ್ಲಿ ಬೈಲಪ್ಪ, ಮೂಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಅಜ್ಮತ್. ಎದುರಿಗೆ ಮುನಿಆಂಜನಪ್ಪ, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ. ಆಚೆ ನೂರುನ್ನೀಸಾ ಶಾಂತಕುಮಾರಿಯ ಕೊರಳಿಗೆ ಟೇಪು ಹಾಕಿ, ಬೆನ್ನಿಗೆ ನಾಲ್ಕು ಗುಂಡುಸೂಜಿ ಚುಚ್ಚಿ, “ಅಲ್ಲಾಡ್ಬೇಡ ಬೇಟಿ” ಎಂದಳು.

“ಶುರು ಮಾಡ್ಕೊಳ್ಳಿ ತಾಯಿ” ಎಂದು ಸಂಜೀವಪ್ಪ ಕೂಗಿದ.

ನೂರುನ್ನೀಸಾ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತವರಿನ ಮಾತನ್ನು ಬಾಯಿಂದ ಆಡಿ ಅವಳಿಗೆ ಐದು ವರ್ಷವಾಗಿತ್ತು. ಆಮೇಲೆ ಮೆಲ್ಲಗೆ, “ಅಪಾ ಕಬರ್?” ಎಂದಳು. ಹೇಗಿದ್ದೀಯ ಎಂದರ್ಥ.

ಈಚೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, “ಬುಲಾನ್” ಎಂದ ಮುನಿಆಂಜನಪ್ಪ.

ನೂರುನ್ನೀಸಾ ಹುಬ್ಬು ಗಂಟಿಕ್ಕಿದಳು. “ಸುದಾ ಮಾಕನ್?” ಎಂದಳು. ಊಟ ಆಯಿತೇ ಎಂದು.

“ಬುಲಾನ್” ಎಂದ ಅವನು, ಈ ಸಲ ಸ್ವಲ್ಪ ದುಃಖದಿಂದ.

“ನೋಡು ನೋಡು, ದನಿ ಹೆಂಗೆ ಬದಲಾಯ್ತು” ಎಂದು ಬೈಲಪ್ಪ ಪಿಸುಗುಟ್ಟಿದ.

ನೂರುನ್ನೀಸಾ ಉದ್ದಕ್ಕೆ ಏನೇನೋ ಕೇಳಿದಳು. ಯಾವ ಊರು, ಹೆತ್ತವರು ಯಾರು, ಹಡಗಿನಲ್ಲಿ ಏನು ಕೆಲಸ, ಎಲ್ಲ ಸೇರಿತ್ತು.

“ಬುಲಾನ್! ಬುಲಾನ್... ಬುಲಾನ್?” ಎಂದ ಅವನು ಬೆವರಿಕೊಂಡು.

ಅಷ್ಟು ಸಾಕಾಯಿತು. ನೂರುನ್ನೀಸಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕೂತಳು. ಅವಳ ಭುಜ ಕುಣಿಯುತ್ತಿತ್ತು. ಶಾಂತಕುಮಾರಿ ಹೆದರಿ ಬಗ್ಗಿದಾಗ ಅವಳ ಕಿವಿಯಲ್ಲಿ, “ಚಂದಮಾಮ ಅಂತಾನೆ! ಊಟ ಆಯ್ತಾ ಅಂದ್ರೆ ಚಂದಮಾಮ! ನಿಮ್ಮಮ್ಮ ಯಾರು ಅಂದ್ರೆ ಚಂದಮಾಮ!” ಎಂದಳು.

“ಏನಂತೀರಿ ತಾಯಿ? ಪಾಸಾ, ಫೇಲಾ?” ಸಂಜೀವಪ್ಪನ ದನಿ ಬಂತು.

ನೂರುನ್ನೀಸಾ ಕಣ್ಣೊರೆಸಿಕೊಂಡು ಶಾಂತಕುಮಾರಿಯ ಮುಖ ನೋಡಿದಳು. “ಏನು ಹೇಳ್ಲಿ? ಹೋನಾ, ನಕ್ಕೋ? ಬೇಕಾ, ಬೇಡ್ವಾ?”

ಶಾಂತಕುಮಾರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಯಾವಾಗಲೋ ಸಿದ್ಧವಿತ್ತು. “ಬೇಕು” ಎಂದಳು.

ನೂರುನ್ನೀಸಾ ಹೇಳಲು ಎದ್ದಳು, ಬಾಯಿ ತೆರೆದಳು. ಬಂದದ್ದು ಬಿಕ್ಕಳಿಕೆ. ಮತ್ತೆ ತೆರೆದಳು, ಮತ್ತೆ ಬಿಕ್ಕಳಿಕೆ.

“ಇದ್ಯಾವ ಭಾಷೆ?” ಎಂದ ಸಂಜೀವಪ್ಪ.

ಇನ್ನು ತಡ ಮಾಡಿದರೆ ವೆಂಕಟಸ್ವಾಮಿ. ಶಾಂತಕುಮಾರಿ ಪರದೆಯ ಹತ್ತಿರ ಹೋಗಿ, ನೂರುನ್ನೀಸಾಳ ರಾಗವನ್ನೇ ಹಿಡಿದು, “ಪಾಸ್! ಭಾಳ ಅಚ್ಛಾ ಮಾತಾಡ್ತಾನೆ. ನಮ್ ಊರಿನ ಜನ ಇದ್ದಂಗೇ” ಎಂದಳು.

“ಮಿಕ್ಕ ಐದು?”

“ಅದೂ ಪಾಸ್. ಎಲ್ಲಾ ಅಕ್ಕಪಕ್ಕದ್ದೇ.”

“ನಾನ್ ಹೇಳ್ಲಿಲ್ವಾ!” ಎಂದು ಬೈಲಪ್ಪ ಎದ್ದೇ ನಿಂತ. ಸಂಜೀವಪ್ಪನ ಮೀಸೆ ಎರಡೂ ಕಡೆ ಮೇಲಕ್ಕೆ ಹೋಯಿತು. ಹದಿನೆಂಟು ವರ್ಷ ತನ್ನ ಮನೆಯಲ್ಲೇ ಬೆಳೆದ ಸೋದರಸೊಸೆಯ ದನಿ ಅದು ಎಂಬ ಅನುಮಾನವೇ ಅವನಿಗೆ ಬರಲಿಲ್ಲ. ಅವನು ಅವಳ ದನಿಯನ್ನು ಕೇಳಿದ್ದು ಕಡಮೆ. ಕೇಳಿದ್ದೆಲ್ಲ ‘ಹ್ಞೂಂ ಮಾವ’.

ಎಲ್ಲ ಅಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮುನಿಆಂಜನಪ್ಪ ಮುಗಿಯಲು ಬಿಡಲಿಲ್ಲ.

“ಇಲ್ಲಮ್ಮ, ನಾನು ಫೇಲು” ಎಂದ ಪರದೆಗೆ.

“ಪಾಸ್ ಅಂದ್ರೆ ಪಾಸ್!” ಎಂದಳು ಶಾಂತಕುಮಾರಿ.

“ನೀವು ದೊಡ್ಡ ಮನಸ್ಸು ಮಾಡಿ ಹೇಳ್ತಿದ್ದೀರಿ. ನನಗೆ ಬರೋದು ಒಂದೇ ಪದ.”

“ವಿದ್ಯೆ ಇರೋರು ಹಿಂಗೇ ತಗ್ಗಿ ನಡೀತಾರೆ” ಎಂದ ಸಂಜೀವಪ್ಪ ಮೆಚ್ಚಿಕೊಂಡು.

“ತಗ್ಗಿ ಅಲ್ಲ ಯಜಮಾನ್ರೇ, ನಿಜವಾಗ್ಲೂ ಒಂದೇ.” ಅವನು ಎದ್ದು ನಿಂತು ಕೈಕಟ್ಟಿದ. “ಬುಲಾನ್ ಅಂದ್ರೆ ಚಂದ್ರ. ಮಿಕ್ಕ ಐದೂ ಚಂದ್ರನೇ.”

“ಬಾಯಿ ಮುಚ್ಚೋ” ಎಂದ ಬೈಲಪ್ಪ. ಪರದೆಯ ಆಚೆ ಶಾಂತಕುಮಾರಿಯೂ ಮನಸ್ಸಿನಲ್ಲಿ ಅದನ್ನೇ ಅಂದಳು.

“ಬರೀ ಚಂದ್ರನ್ನ ಕಲಿಯೋಕೆ ಆರು ಭಾಷೆ ಯಾಕೋ?” ಎಂದ ಸಂಜೀವಪ್ಪ.

“ನಮ್ಮಮ್ಮ ಆಣೆ ಹಾಕಿಸ್ಕೊಂಡಿದ್ಲು. ಪ್ರತಿ ಅಮಾವಾಸ್ಯೆ ಅಪ್ಪನ ಹೆಸರಲ್ಲಿ ಒಂದು ಹಿಡಿ ಅನ್ನ ಇಡ್ಬೇಕು ಅಂತ. ಹಡಗಲ್ಲಿ ಪಂಚಾಂಗ ಎಲ್ಲಿಂದ ಬರ್ಬೇಕು? ನನ್ನ ಅಡುಗೆಮನೆ ಕೆಳಗಡೆ. ಕತ್ತಲಾದ್ಮೇಲೆ ನಮ್ಮನ್ನ ಮೇಲೆ ಬಿಡ್ತಿರ್ಲಿಲ್ಲ. ಆಕಾಶ ನೋಡಿದೋರು ಮೇಲಿನ ಕೆಲಸದೋರು. ಅವರು ಊಟಕ್ಕೆ ಇಳಿದು ಬಂದಾಗ ಸೌಟು ಹಿಡ್ಕೊಂಡು ಕೇಳ್ತಿದ್ದೆ, ಚಂದ್ರ ಇದ್ದಾನಾ ಅಂತ. ಒಬ್ಬ ಮಲಯದೋನು, ಒಬ್ಬ ಜಾವಾದೋನು, ಒಬ್ಬ ಮಕಾಸರದ ಕಡೆಯೋನು. ಒಬ್ಬನದು ಮನಿಲಾ, ಒಬ್ಬನದು ಫಿಜಿ. ಕಲ್ಲಿದ್ದಲು ಎತ್ತೋನು ಮಡಗಾಸ್ಕರದೋನು. ಅವರವರ ಮಾತಲ್ಲಿ ಕೇಳಿದ್ರೆ ನಿಜ ಹೇಳ್ತಿದ್ರು. ಇಲ್ದಿದ್ರೆ ತಮಾಷೆ ಮಾಡ್ತಿದ್ರು.”

“ಎಲ್ಲಾ ಒಂದೇ ಥರ ಕೇಳ್ಸುತ್ತಲ್ಲೋ” ಎಂದ ಸಂಜೀವಪ್ಪ. ಸಿಟ್ಟು ಬರುವ ಮುಂಚೆ ಅವನಿಗೆ ಕುತೂಹಲ ಬಂದಿತ್ತು.

“ನನಗೂ ಅದೇ ಆಶ್ಚರ್ಯ. ಒಬ್ಬನ ಊರಿಂದ ಇನ್ನೊಬ್ಬನ ಊರಿಗೆ ತಿಂಗಳುಗಟ್ಟಲೆ ದಾರಿ. ಒಬ್ಬರ ಮಾತು ಒಬ್ಬರಿಗೆ ಗೊತ್ತಾಗಲ್ಲ, ದಿನಾ ಜಗಳ. ಚಂದ್ರನ ವಿಷಯ ಬಂದ್ರೆ ಮಾತ್ರ ಒಂದೇ ಹಿಟ್ಟು, ಆರು ಮನೆ ರೊಟ್ಟಿ. ನಾವು ತಿಂಗಳ ಬೆಳಕು ಅಂತೀವಲ್ಲ, ಹಂಗೇ ಅವರಿಗೂ ಚಂದ್ರನಿಗೂ ತಿಂಗಳಿಗೂ ಒಂದೇ ಹೆಸರು. ನಾನು ಬುಲಾನ್ ಬುಲಾನ್ ಅಂತ ತಿರುಗೋದು ನೋಡಿ, ತಿಂಗಳ ಸಂಬಳದ ಯೋಚನೆ ಬಿಟ್ರೆ ಇವನಿಗೆ ಇನ್ನೊಂದಿಲ್ಲ ಅಂತ ಆಡ್ಕೊಳ್ತಿದ್ರು.”

“ಅನ್ನ ಇಟ್ಯಾ?” ಈ ಪ್ರಶ್ನೆ ಪರದೆಯ ಆಚೆಯಿಂದ ಬಂತು. ಶಾಂತಕುಮಾರಿ ರಾಗ ಹಾಕುವುದನ್ನು ಮರೆತಿದ್ದಳು.

“ತಪ್ಪಿಸ್ಲಿಲ್ಲಮ್ಮ. ಸಮುದ್ರಕ್ಕೆ ಹಾಕ್ತಿದ್ದೆ. ಒಂದ್ಸಲ ಮೋಡ ಇತ್ತು. ಮನಿಲಾದೋನು ಇಲ್ಲ ಅಂದ, ಫಿಜಿಯೋನು ಮಾರನೆ ದಿನ ಇಲ್ಲ ಅಂದ. ಆ ತಿಂಗಳು ನಮ್ಮಪ್ಪ ಎರಡು ಸಲ ಉಂಡ.”

ಅಜ್ಮತ್ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ. ಒಳಗಿನಿಂದ ಒಂದು ಬಿಕ್ಕಳಿಕೆ ಕೇಳಿಸಿತು.

ಆದರೆ ಸಂಜೀವಪ್ಪ ಪರೀಕ್ಷೆಯ ವಿಷಯದಲ್ಲಿ ಕಟ್ಟುನಿಟ್ಟು. “ಅದೆಲ್ಲ ಸರಿ. ಆರು ಭಾಷೆ ಅಂದೆ, ಒಂದು ಪದ ತಂದೆ. ಊರಿಗೆಲ್ಲ ಹೇಳ್ಕೊಂಡು ತಿರುಗಿದ ನನ್ನ ಮುಖ ಎಲ್ಲಿಡ್ಲಿ? ಫೇಲು ಅಂದ್ರೆ ಫೇಲು.” ಟವಲು ಕೊಡವಿ ಹೆಗಲಿಗೆ ಹಾಕಿದ. “ಕುಮಾರೀ, ಹೊರಡಮ್ಮ.”

ಪರದೆ ಸರಿಯಿತು. ಶಾಂತಕುಮಾರಿ ಹೊರಗೆ ಬಂದಳು. ಬೆನ್ನ ತುಂಬ ಗುಂಡುಸೂಜಿ. ಕೊರಳಿಂದ ಟೇಪು ಹಿಂದಕ್ಕೆ ಚಾಚಿತ್ತು. ಅದರ ಇನ್ನೊಂದು ತುದಿ ಪರದೆಯ ಒಳಗೆ ನೂರುನ್ನೀಸಾಳ ಕೈಯಲ್ಲಿತ್ತು.

“ಭಾಳ ಅಚ್ಛಾ ಮಾತಾಡ್ತಾನೆ ಮಾವ” ಎಂದಳು, ಅದೇ ರಾಗದಲ್ಲಿ.

ಸಂಜೀವಪ್ಪ ಪರದೆ ನೋಡಿದ, ಸೊಸೆಯನ್ನು ನೋಡಿದ. ಮತ್ತೆ ಪರದೆ ನೋಡಿದ.

“ನೀನಾ?”

“ನಾನೇ.”

“ನಿನ್ನ ದನಿ ಹಿಂಗಿದ್ಯಾ?”

“ಮೊದಲಿಂದ್ಲೂ ಹಿಂಗೇ ಮಾವ. ಅವರು ಹಡಗಿನ ತಳದಲ್ಲಿ ಕೂತು ಆರು ಜನರ ಬಾಯಲ್ಲಿ ಚಂದ್ರನ್ನ ಗುರ್ತು ಹಿಡಿದ್ರು. ನೀವು ಒಂದು ಬಟ್ಟೆ ಅಡ್ಡ ಬಂದಿದ್ದಕ್ಕೆ ಮನೆ ಮಗಳನ್ನ ಮಲಯದೋಳು ಅಂದ್ಕೊಂಡ್ರಿ. ಈ ಅಂಗಡಿಯಲ್ಲಿ ಫೇಲಾಗಿದ್ದು ಯಾರು ಅಂತ ನಾನು ಊರಲ್ಲಿ ಹೇಳ್ಲಾ, ನೀವು ಹೇಳ್ತೀರಾ?”

ಬೈಲಪ್ಪ ಛಾವಣಿ ನೋಡತೊಡಗಿದ. ಅಜ್ಮತ್ ಇಲ್ಲದ ದಾರವನ್ನು ಸೂಜಿಗೆ ಪೋಣಿಸಿದ. ಇದೇ ದನಿ ತನ್ನ ಮನೆಯಲ್ಲೇ ಉಳಿದುಬಿಟ್ಟರೆ ಮುಂದೇನು ಎಂಬ ಯೋಚನೆ ಸಂಜೀವಪ್ಪನಿಗೆ ಬಂದದ್ದು ಕಣ್ಣಲ್ಲೇ ಕಾಣಿಸಿತು. ಅವನು ಬೆಂಚಿನ ಮೇಲೆ ಕೂತು ಮುನಿಆಂಜನಪ್ಪನ ಕಡೆ ತಿರುಗಿದ.

“ಕೇಳ್ದಲ್ಲಪ್ಪ? ಹುಡುಗಿ ಜೋರು. ಈಗ್ಲೇ ಹೇಳಿದ್ದೀನಿ. ಆಮೇಲೆ ಹುಡುಗಿ ಕಡೆಯೋರು ಮುಚ್ಚಿಟ್ರು ಅನ್ಬಾರ್ದು.”

ಮುನಿಆಂಜನಪ್ಪನ ಕಿವಿ ಕೆಂಪಾಗಿತ್ತು. ಪರದೆಯ ಮೂಲಕ ತಾನು ಇಷ್ಟು ಹೊತ್ತು ವಾದ ಮಾಡಿದ್ದು ಯಾರ ಹತ್ತಿರ ಎಂಬುದು ಅವನಿಗೆ ಈಗಷ್ಟೇ ಅರ್ಥವಾಗುತ್ತಿತ್ತು. “ಎಂಜಿನ್ನು ಪಕ್ಕದಲ್ಲಿ ಅಡುಗೆ ಮಾಡಿದೋನು ಯಜಮಾನ್ರೇ. ಸದ್ದಿಲ್ದಿದ್ರೆ ನಂಗೆ ನಿದ್ದೆ ಬರಲ್ಲ” ಎಂದ.

“ಹಂಗಂತೀಯಾ” ಎಂದು ಸಂಜೀವಪ್ಪ ನಿಟ್ಟುಸಿರುಬಿಟ್ಟ. “ಪತ್ರಿಕೆಯಲ್ಲಿ ಬರೀ ಹೆಸರು ಹಾಕ್ಸೋಣ. ಅಕ್ಷರಕ್ಕೆ ಇಷ್ಟು ಅಂತ ತಗೋತಾರೆ ಆ ಪ್ರೆಸ್ಸಿನೋರು.”

ಶಾಂತಕುಮಾರಿಗೆ ಇನ್ನೂ ಎರಡು ಮಾತು ಹೇಳುವುದಿತ್ತು. ಆದರೆ ಹಿಂದಿನಿಂದ ಯಾರೋ ಟೇಪನ್ನು ಜಗ್ಗಿದರು. ಅವಳು ಹೆಜ್ಜೆ ಹಿಂದಿಡುತ್ತ, ಗುಂಡುಸೂಜಿಗಳ ಸಮೇತ, ಪರದೆಯ ಒಳಗೆ ಹೋದಳು. ನೂರುನ್ನೀಸಾ ಬಿಕ್ಕಳಿಸುತ್ತಲೇ, “ಕೈ ಎತ್ತು. ತೋಳಿನ ಅಳತೆ ಬಾಕಿ” ಎಂದಳು.