ಡೊಳ್ಳಪ್ಪ ಕ್ಷಮೆ ಕೇಳಿದ್ದು

ನಾಲ್ಕು ಜನರ ಮುಂದೆ ನಿಂತರೆ ರಾಮದುರ್ಗದ ಭಾಗೀರಥಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಕ್ಕೂ ಗಂಡ ಲಕ್ಕಪ್ಪನೇ ಬೇಕು. ಆದರೆ ಪರದೆಯ ಹಿಂದೆ ನಿಂತು ಗೊಂಬೆಯ ದಾರ ಬೆರಳಿಗೆ ಸಿಕ್ಕಿಸಿಕೊಂಡಳೆಂದರೆ ಅದೇ ಬಾಯಿಂದ ರಾಜ ಅಬ್ಬರಿಸುತ್ತಿದ್ದ, ರಾಣಿ ಅಳುತ್ತಿದ್ದಳು. ಡೊಳ್ಳಪ್ಪನೆಂಬ ಹಾಸ್ಯದ ಗೊಂಬೆಯಂತೂ ಊರ ಗೌಡರಿಂದ ದೇವೇಂದ್ರನ ತನಕ ಯಾರನ್ನೂ ಬಿಡುತ್ತಿರಲಿಲ್ಲ. ಗೊಂಬೆಗಳು ಮಾವನಿಂದ ಬಂದವು, ಆಟವೂ ಅವನಿಂದಲೇ ಕಲಿತದ್ದು. ಲಕ್ಕಪ್ಪ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ಉಳಿದ ವೇಳೆಯಲ್ಲಿ ಹೆಂಡತಿಯ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದ.

ಕಿತ್ತೂರಿನ ಹತ್ತಿರದ ವಿಶ್ವವಿದ್ಯಾಲಯದ ನಾಟಕ ವಿಭಾಗದಿಂದ ಫೋನು ಬಂದಾಗ ಹೂಂ ಅಂದವನೂ ಅವನೇ. ಭಾಗೀರಥಿ ಅತಿಥಿ ಕಲಾವಿದೆಯಾಗಿ ಒಂದು ತಿಂಗಳು ಅಲ್ಲಿದ್ದು ವಿದ್ಯಾರ್ಥಿಗಳಿಗೆ ಗೊಂಬೆಯಾಟ ಕಲಿಸಬೇಕು, ಕೊನೆಗೆ ಎಲ್ಲರೂ ಸೇರಿ ಬೈಲಹೊಂಗಲದಲ್ಲಿ ಒಂದು ಆಟ ಆಡಬೇಕು.

"ಕಲಿಸಾಕ ಮಾತಾಡಬೇಕಲ್ರಿ?" ಎಂದು ಭಾಗೀರಥಿ ಹೆದರಿದಳು.

"ಏ, ನೀ ಕೈ ತೋರ್ಸು ಸಾಕು. ಮಾತ ನಾ ನೋಡ್ಕೊಂತೇನಿ," ಅಂದ ಲಕ್ಕಪ್ಪ.

ಮೊದಲ ದಿನವೇ ಎಡವಟ್ಟಾಯಿತು. ವಿಭಾಗದ ಮುಖ್ಯಸ್ಥರು ಮಹಾದೇವ ಸರ್. ಇಸ್ತ್ರಿ ಮಾಡಿದ ಜುಬ್ಬಾ, ಇಸ್ತ್ರಿ ಮಾಡಿದಂಥದೇ ಕನ್ನಡ. ಅತಿಥಿಯನ್ನು ಪರಿಚಯಿಸಲು ಎದ್ದವರು ಗ್ರೀಸ್ ದೇಶದಿಂದ ಹೊರಟು, ಚೀನಾ ಸುತ್ತಿ, ಜಾವಾದಲ್ಲಿ ಬಹಳ ಹೊತ್ತು ತಂಗಿ, ಸಭೆಯ ಅರ್ಧ ಜನ ತೂಕಡಿಸುವ ಹೊತ್ತಿಗೆ ರಾಮದುರ್ಗ ತಲುಪಿದರು. ನಡುವೆ ಭಾಗೀರಥಿಯನ್ನು ಒಮ್ಮೆ ಭಗವತಿ ಅಂದರು, ಇನ್ನೊಮ್ಮೆ ಭಾರತಿ ಅಂದರು. ಕೊನೆಗೆ, "ಈಗ ಕಲಾವಿದೆಯವರು ಎರಡು ಮಾತುಗಳನ್ನಾಡಬೇಕೆಂದು ಕೋರುತ್ತೇನೆ," ಎಂದು ಮೈಕು ಮುಂದಿಟ್ಟರು.

ಲಕ್ಕಪ್ಪ ಏಳಹೋದ. "ನೀವಲ್ಲ, ಅವರೇ," ಎಂದು ಸರ್ ಅವನನ್ನು ಕೂಡಿಸಿದರು.

ಭಾಗೀರಥಿ ಎದ್ದಳು. ದಿಕ್ಕು ತೋಚದೆ ಪಕ್ಕದ ಚೀಲಕ್ಕೆ ಕೈ ಹಾಕಿದಳು. ಡೊಳ್ಳಪ್ಪ ಹೊರಗೆ ಬಂದ, ಸಭೆಯನ್ನು ನೋಡಿದ, ಹೊಟ್ಟೆ ಕುಣಿಸುತ್ತ ಸರ್ ಕಡೆ ತಿರುಗಿದ.

"ಸಾಹೇಬ್ರ, ಭಾಷಣ ಮುಗೀತೋ, ಇಲ್ಲಾ ನೀರ ಕುಡಿಯಾಕ ನಿಂತೀರೋ? ನೀವು ಸುರು ಮಾಡಿದಾಗ ನಾ ಸಣ್ಣ ಹುಡುಗ ಇದ್ದೆ ನೋಡ್ರಿ. ಕೇಳಿ ಕೇಳಿ ಹೊಟ್ಟಿ ಬಂತು!"

ಸಭೆ ಹೋ ಎಂದು ನಕ್ಕಿತು. ತೂಕಡಿಸುತ್ತಿದ್ದವರೂ ಎದ್ದು ಕೂತು, ಏನಾಯಿತೆಂದು ಪಕ್ಕದವರನ್ನು ಕೇಳಿ ಆಮೇಲೆ ನಕ್ಕರು. ಮಹಾದೇವ ಸರ್ ಮುಖ ಮಾತ್ರ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಮರುದಿನ ಲಕ್ಕಪ್ಪ ಹೆಂಡತಿಯನ್ನು ಅವರ ಕೋಣೆಗೆ ಕರೆದೊಯ್ದ. ಭಾಗೀರಥಿ ಕೈ ಮುಗಿದು, ಕೇಳಿಸಿಯೂ ಕೇಳಿಸದ ಹಾಗೆ, "ತಪ್ಪಾತ್ರಿ ಸರ್," ಅಂದಳು.

"ನಿಮ್ಮ ಮೇಲೆ ನನಗೆ ಕೋಪವಿಲ್ಲ," ಅಂದರು ಸರ್. "ನೀವು ಏನೂ ಅಂದಿಲ್ಲ. ಅಂದವನು ಅವನು. ಕ್ಷಮೆಯನ್ನೂ ಅವನೇ ಕೇಳಲಿ."

ತಮಾಷೆಯಿರಬೇಕೆಂದು ಲಕ್ಕಪ್ಪ ನಕ್ಕ. ಸರ್ ನಗಲಿಲ್ಲ. ಭಾಗೀರಥಿ ಹೋಗಿ ಡೊಳ್ಳಪ್ಪನನ್ನು ತಂದಳು. ಇವತ್ತು ತೆಪ್ಪಗೆ ನಮಸ್ಕಾರ ಮಾಡಿಸಿ ಹೊರಡಬೇಕೆಂದು ದಾರಿಯುದ್ದಕ್ಕೂ ದೇವರನ್ನು ನೆನೆದಿದ್ದಳು. ಆದರೆ ದಾರ ಎಳೆದ ಕೂಡಲೇ ಅವಳ ಬಾಯಿ ಅವಳ ಕೈಲಿ ಉಳಿಯಲಿಲ್ಲ.

"ಕ್ಷಮಾ ಕೇಳತೇನಿ ಸಾಹೇಬ್ರ," ಅಂದ ಡೊಳ್ಳಪ್ಪ. "ಆದ್ರ ಮೊದ್ಲ ಗ್ರೀಸಿಗೆ ಹೋಗಿ ಅಲ್ಲಿಂದ ಸುರು ಮಾಡ್ಲೇನ್ರಿ?"

ಸರ್ ಬಾಗಿಲ ಕಡೆ ಬೆರಳು ತೋರಿಸಿದರು.

"ನಡಿ, ಗಂಟು ಕಟ್ಟು," ಅಂದ ಲಕ್ಕಪ್ಪ ಹೊರಗೆ ಬಂದು. "ಆ ಗೊಂಬಿಗೆ ಬುದ್ಧಿ ಇಲ್ಲ ಅಂದ್ರ ನಿನಗರ ಬ್ಯಾಡೇನ?"

ಗಂಟು ಕಟ್ಟುವ ಪ್ರಸಂಗ ಬರಲಿಲ್ಲ. ಹೋಗಿರೆಂದು ಯಾರೂ ಹೇಳಲಿಲ್ಲ, ಸರ್ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ವಿದ್ಯಾರ್ಥಿಗಳು ಹಳೇ ಪೇಪರು ನೆನೆಸಿ, ಅಂಟು ಬೆರೆಸಿ ಗೊಂಬೆಯ ತಲೆ ಮಾಡತೊಡಗಿದರು. ನೇಸರಗಿಯ ಮೀನಾ ಎಂಬ ಹುಡುಗಿ ಮಾಡಿದ ರಾಜ ಅವಳ ಸೋದರಮಾವನನ್ನೇ ಹೋಲುತ್ತಿದ್ದ. ಫೋಟೋ ಕಳಿಸಿದ್ದಕ್ಕೆ ಮಾವ ಮಾತು ಬಿಟ್ಟಿದ್ದನಂತೆ.

ಒಂದು ಮಧ್ಯಾಹ್ನ ಮಹಾದೇವ ಸರ್ ಬಂದು ಯಾರನ್ನೂ ಮಾತಾಡಿಸದೆ ಹಿಂದಿನ ಸಾಲಿನಲ್ಲಿ ಕುಳಿತರು. ಜುಬ್ಬಾದ ತೋಳು ಮಡಚಿದರು, ಪೇಪರ್ ಮುದ್ದೆಗೆ ಕೈ ಹಾಕಿದರು. ಮರುದಿನವೂ ಬಂದರು. ಅವರ ಕೈಯಲ್ಲಿ ಒಂದು ಮುದುಕಿ ತಯಾರಾಗುತ್ತಿದ್ದಳು. ಮೂಗಿಗೆ ದೊಡ್ಡ ನತ್ತು, ಹಣೆ ತುಂಬ ಭಂಡಾರದ ಅರಿಶಿನ, ಮುಖದ ಅರ್ಧಕ್ಕಿಂತ ಹೆಚ್ಚು ಬಾಯಿ. ದಾರ ಕಟ್ಟುವುದು ಮಾತ್ರ ಬರಲಿಲ್ಲ. ಭಾಗೀರಥಿ ಸುಮ್ಮನೆ ಬಂದು ಕಟ್ಟಿಕೊಟ್ಟಳು.

"ಈಕೆಯ ಹೆಸರು ಗುಡುಗವ್ವ," ಎಂದು ಸರ್ ಎದ್ದು ನಿಂತರು. "ಡೊಳ್ಳಪ್ಪನನ್ನು ಕರೆಯಿರಿ."

ಎಲ್ಲರೂ ಸುತ್ತ ನೆರೆದರು. ಭಾಗೀರಥಿ ಡೊಳ್ಳಪ್ಪನನ್ನು ಹಿಡಿದು ಎದುರು ನಿಂತಳು. ಗುಡುಗವ್ವ ನಡು ಮೇಲೆ ಕೈಯಿಟ್ಟಳು, ಬಾಯಿ ತೆರೆದಳು. ಅಲ್ಲಿಗೆ ಇಸ್ತ್ರಿ ಮಾಡಿದ ಕನ್ನಡ ಎಲ್ಲಿ ಹೋಯಿತೋ!

"ಏ ಡೊಳ್ಳ್ಯಾ! ಯಾರ ಮನಿ ರೊಟ್ಟಿ ಉಂಡು ಹೊಟ್ಟಿ ಹಿಂಗ ಬೆಳಸೀಯೋ? ನನ್ನ ಮಗಾ ಮಾತಾಡಾಕ ನಿಂತ್ರ ನಡುವ ಬಾಯಿ ಹಾಕ್ತೀಯಾ? ಆಂವಾ ಉದ್ದ ಮಾತಾಡ್ತಾನ, ಹೌದು! ತೊಟ್ಟಲದಾಗಿಂದನ ಉದ್ದ ಮಾತಾಡ್ತಾನ. ಹಡದಾಕಿ ನಾ ಇಷ್ಟ ವರ್ಷ ಕೇಳೇನಿ, ನಿನಗ ಒಂದ ದಿನ ಕುಂತು ಕೇಳಾಕ ಮೈಯಾಗ ಏನ್ ಧಾಡಿನೋ?"

ಸರ್ ಉಗರಗೋಳದವರು, ತಾಯಿ ಯಲ್ಲಮ್ಮನ ಗುಡ್ಡದ ಕೆಳಗೆ ಬಳೆ ಅಂಗಡಿಯಿಟ್ಟು ಚೌಕಾಸಿ ಮಾಡುವವರಿಗೆಲ್ಲ ಹೀಗೇ ಬೈಯುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಡೊಳ್ಳಪ್ಪ ಮಾತ್ರ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಮೂಕನಾಗಿದ್ದ. ಭಾಗೀರಥಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಿದಳು. ದಾರಗಳು ಸಿಕ್ಕಾಗಿ ಡೊಳ್ಳಪ್ಪ ತಲೆಕೆಳಗಾಗಿ ತೂಗಾಡಿದ.

"ಅಡ್ಡ ಬೀಳೂದು ಬಿಟ್ಟು ತಲಿಕೆಳಗ ಬಿದ್ದಾನ," ಅಂದಳು ಗುಡುಗವ್ವ. "ನಡೀತೈತಿ ಬಿಡು, ಮಾಫ್ ಮಾಡೇನಿ."

ಅಲ್ಲಿಂದ ಮುಂದೆ ಬೇರೆ ತಾಪತ್ರಯ ಶುರುವಾಯಿತು. ಸರ್ ಗುಡುಗವ್ವನನ್ನು ಕೆಳಗಿಡಲೇ ಒಲ್ಲರು. ಬೈಲಹೊಂಗಲದ ಆಟದಲ್ಲಿ ಅವಳಿಗೂ ಒಂದು ಪಾತ್ರ ಬೇಕೆಂದು ಹಟ ಹಿಡಿದರು. ಯುದ್ಧದಲ್ಲಿ ಗಾಯಗೊಂಡ ರಾಜನಿಗೆ ನೀರು ಕೊಟ್ಟು ಹೋಗುವ ಮುದುಕಿ. ಮಾತಿಲ್ಲ ಎಂದು ಒಪ್ಪಂದವಾಯಿತು.

ಆಟದ ದಿನ ಸಭಾಗೃಹ ತುಂಬಿತ್ತು. ರಾಜ ಬಿದ್ದ, ಗುಡುಗವ್ವ ಬಂದಳು, ನೀರು ಕೊಟ್ಟಳು. ಹೋಗಲಿಲ್ಲ. "ಮನ್ಯಾಗ ಹೇಣ್ತಿ ಮಕ್ಕಳನ್ನ ಬಿಟ್ಟು ಯುದ್ಧಕ್ಕ ಬರಾಕ ಯಾರ ಹೇಳಿದ್ರೋ ನಿನಗ?" ಎಂದು ರಾಜನಿಗೆ ಶುರು ಹಚ್ಚಿದಳು. ಆಮೇಲೆ ಮಂತ್ರಿಗೆ. ಆಮೇಲೆ ಮುಂದಿನ ಸಾಲಿನಲ್ಲಿ ಮೊಬೈಲು ಹಿಡಿದಿದ್ದವನಿಗೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ರಾಜನನ್ನು ಹಿಡಿದಿದ್ದ ಮೀನಾಳ ಕೈ ಸೋತು, ಸಾಯಬೇಕಾದವನು ಮೇಲಿಂದ ಮೇಲೆ ಎದ್ದು ಕೂಡುತ್ತಿದ್ದ. ಲಕ್ಕಪ್ಪ ಸಾವಿನ ರಾಗವನ್ನೇ ತಿರುಗಿ ತಿರುಗಿ ಬಾರಿಸಿ ಸುಸ್ತಾಗಿ ಪೇಟಿ ನಿಲ್ಲಿಸಿಬಿಟ್ಟ. ಭಾಗೀರಥಿ ಸರ್‌ಗೆ ಸನ್ನೆ ಮಾಡಿದಳು, ಜುಬ್ಬಾ ಜಗ್ಗಿದಳು. ಅವರಿಗೆ ಪರಿವೆಯೇ ಇರಲಿಲ್ಲ.

ಅವಳಿಗೆ ಸಿಟ್ಟು ಬಂತು. ಪರದೆ ಸರಿಸಿ, ಗೊಂಬೆಯಿಲ್ಲದೆ, ಬರಿಗೈಯಲ್ಲಿ ದೀಪದ ಬೆಳಕಿಗೆ ಬಂದು ನಿಂತಳು.

"ಸರ್, ಸಾಕ್ರಿ! ಕರ್ಕೊಂಡ ಹೋಗ್ರಿ ಆ ಮುದಿಕಿನ. ರಾಜಾ ಸಾಯಾಕ ಎಷ್ಟೊತ್ತಿಂದ ಕಾಯಾಕ ಹತ್ಯಾನ!"

ಇದೂ ಆಟದ ಭಾಗವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. "ಇರ್ಲಿ ಬಿಡವಾ, ಛಲೋ ಬೈತಾಳ ಆಕಿ," ಎಂದು ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು.

"ಛಲೋ ಬೈತಾಳ ಅಂದ್ರ ನಿಮ್ಮ ಮನಿಗೆ ಕರ್ಕೊಂಡ ಹೋಗ್ರೆವಾ!" ಅಂದಳು ಭಾಗೀರಥಿ. "ನನ್ನ ಆಟ ಮುಗೀಬೇಕು!"

ನಗೆ ಮೇಲೆ ನಗೆ. ಆ ಗದ್ದಲದಲ್ಲಿ ಮೀನಾ ರಾಜನನ್ನು ಮಲಗಿಸಿಬಿಟ್ಟಳು. ಅವನು ಸತ್ತದ್ದನ್ನು ಯಾರೂ ನೋಡಲಿಲ್ಲ. ಪರದೆಯ ಹಿಂದೆ ಲಕ್ಕಪ್ಪ ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

ಆಟ ಮುಗಿದ ಮೇಲೆ ಮಹಾದೇವ ಸರ್ ಬೆವರು ಒರೆಸಿಕೊಳ್ಳುತ್ತ ಬಂದರು. "ಭಾಗೀರಥಿ ಅಕ್ಕಾರ, ಮುಂದಿನ ತಿಂಗಳ ಸವದತ್ತ್ಯಾಗ ನಿಮ್ಮ ಆಟ ಐತಂತಲ್ರಿ. ನಾನೂ ಬರ್ಲ್ಯಾ?"

ಲಕ್ಕಪ್ಪ ಉತ್ತರ ಕೊಡಲು ಬಾಯಿ ತೆರೆದ. ಭಾಗೀರಥಿ ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

"ಬರ್ರಿ ಸರ್," ಅಂದಳು. "ಆದ್ರ ಗುಡುಗವ್ವನ ದಾರ ನನ್ನ ಕೈಯಾಗ ಇರ್ತೈತಿ. ನೀವು ಪೇಟಿ ಕಲೀರಿ."

ಸರ್ ಪೇಟಿಯ ಕಡೆ ನೋಡಿದರು. ಲಕ್ಕಪ್ಪ ಗಾಬರಿಯಾಗಿ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ.