ಹಿಂದೆ ಸರಿಯದ ಮನೆತನ

ಬ್ರೆಡ್ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ದೊರೆ ಎಂದೇ ಕರೆಯುತ್ತಿದ್ದರು. ಗೇಲಿಗೆ ಕರೆದರೂ ಸುಳ್ಳೇನಲ್ಲ. ಜನ ದಂಗೆಯೆದ್ದು ಅವನ ಮುತ್ತಜ್ಜನನ್ನು ಸಿಂಹಾಸನದಿಂದ ಇಳಿಸದೇ ಇದ್ದಿದ್ದರೆ ಈ ಪುಣ್ಯಾತ್ಮ ಬ್ರೆಡ್ಡಿನ ಟ್ರೇ ಹೊರುವ ಬದಲು ಕಿರೀಟ ಹೊರುತ್ತಿದ್ದ. ಎರಡರಲ್ಲಿ ಯಾವುದು ಭಾರವೋ ಹೊತ್ತವರೇ ಹೇಳಬೇಕು.

ಅರಮನೆ ಹೋಗಿ ಉಳಿದದ್ದು ಮೂರನೇ ಮಹಡಿಯ ಎರಡು ಕೋಣೆ, ಒಬ್ಬಳು ಅಜ್ಜಿ, ಒಂದು ನೇಮ. ದಂಗೆಯ ದಿನ ಉಪ್ಪರಿಗೆಯಲ್ಲಿ ಜನರೆದುರು ನಿಂತಿದ್ದ ಮುತ್ತಜ್ಜ ಒಂದೇ ಒಂದು ಹೆಜ್ಜೆ ಹಿಂದಿಟ್ಟನಂತೆ. ದೊರೆ ಹೆದರಿದ ಎಂದು ಜನ ಬೊಬ್ಬೆಯಿಟ್ಟರು, ಸಂಜೆಯೊಳಗೆ ರಾಜ್ಯ ಕೈಬಿಟ್ಟಿತು. ಆದ್ದರಿಂದ ಈ ಮನೆತನದವರು ಇನ್ನು ಹಿಂದಕ್ಕೆ ಸರಿಯಬಾರದು ಎಂದು ಮುತ್ತಜ್ಜನ ಮಗಳಾದ ಅಜ್ಜಿಯ ಕಟ್ಟಪ್ಪಣೆ. ಬಸ್ಸಿನಲ್ಲಿ ಹಿಮ್ಮುಖದ ಸೀಟು ಸಿಕ್ಕರೆ ನಿಂತೇ ಹೋಗಬೇಕು. ಅವರ ಬಚ್ಚಲೋ, ಒಳಗೆ ತಿರುಗಲಾರದಷ್ಟು ಇಕ್ಕಟ್ಟು. ಬೇರೆಯವರಾದರೆ ಹಾಗೇ ಹಿಂದೆ ಸರಿದು ಬರುತ್ತಿದ್ದರು. ದೊರೆ ಮಾತ್ರ ಬೋರಲು ಹಾಕಿದ ಬಕೆಟ್ ಹತ್ತಿ, ನಲ್ಲಿಯ ಮೇಲೆ ಕಾಲು ದಾಟಿಸಿ, ತಿರುಗಿ, ರಾಜಗಾಂಭೀರ್ಯದಿಂದ ಹೊರಬರುತ್ತಿದ್ದ. ಎರಡು ಸಲ ಬಿದ್ದಿದ್ದ. ಎರಡು ಸಲವೂ ಮುಂದಕ್ಕೇ ಬಿದ್ದ ಎಂದು ಅಜ್ಜಿಗೆ ಹೆಮ್ಮೆ.

ಹೀಗೇ ಹೇಗೋ ನಡೆದುಹೋಗುತ್ತಿತ್ತು. ಆದರೆ ಹದಿನಾಲ್ಕು ವರ್ಷ ಟ್ರೇ ಹೊತ್ತು ಅವನ ಸೊಂಟ ಬಿದ್ದುಹೋಯಿತು. ಇನ್ನು ಭಾರ ಎತ್ತಕೂಡದು ಎಂದರು ಡಾಕ್ಟರು. ಲೈಸೆನ್ಸ್ ತಂದರೆ ವ್ಯಾನ್ ಓಡಿಸುವ ಕೆಲಸ, ಇಲ್ಲವಾದರೆ ಮನೆಗೆ ಎಂದರು ಯಜಮಾನರು.

ಮೊದಲ ಪರೀಕ್ಷೆಯಲ್ಲಿ ಎರಡು ಕಂಬಗಳ ನಡುವೆ ರಿವರ್ಸ್ ತೆಗೆದುಕೊಳ್ಳಲು ಹೇಳಿದಾಗ ದೊರೆ ಇಡೀ ಮೈದಾನ ಸುತ್ತಿಬಂದು ಮುಂದಿನಿಂದಲೇ ನುಗ್ಗಿದ. ಎರಡನೆಯ ಸಲ ಕಾರಿನಿಂದಿಳಿದು ಕಂಬಗಳನ್ನೇ ಕಿತ್ತು ತಂದು ಕಾರಿನ ಅಕ್ಕಪಕ್ಕ ನೆಟ್ಟ. ಇನ್‌ಸ್ಪೆಕ್ಟರು ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು.

ಮೂರನೆಯದು ಕೊನೆಯ ಅವಕಾಶ. ನೇಮ ಮುರಿದಾನೆಂದು ಅಜ್ಜಿ ಕಾವಲಿಗೆ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಇಳಿಯಿರಿ ಎಂದರೆ ಕಿವುಡಿಯಂತೆ ಕಿಟಕಿಯಾಚೆ ನೋಡಿದಳು.

"ರಿವರ್ಸ್ ತಗೊಳ್ರಿ," ಎಂದರು ಇನ್‌ಸ್ಪೆಕ್ಟರು.

"ಸಾರ್, ನಮ್ಮ ಮನೆತನದಲ್ಲಿ..."

"ಮನೆತನದ ಮಾತು ಬಿಡ್ರಿ. ಆಗುತ್ತೋ ಇಲ್ವೋ?"

ದೊರೆ ಕನ್ನಡಿಯಲ್ಲಿ ಅಜ್ಜಿಯ ಮುಖ ನೋಡಿದ. "ಫೇಲ್ ಅಂತ ಬರ್ಕೊಳ್ಳಿ ಸಾರ್," ಎಂದು ಬಾಗಿಲು ತೆಗೆದು ಇಳಿದ. ಸೊಂಟ ಹಿಡಿದುಕೊಂಡಿತು. ನೆಟ್ಟಗೆ ನಿಲ್ಲಲಾಗದೆ ಕಾರಿಗೇ ಜೋತುಬಿದ್ದ. ಅಜ್ಜಿ ನೋಡಿದಳು.

"ಬಂದು ಕೂತ್ಕೊಳೋ," ಎಂದಳು. "ಅವತ್ತು ಅಪ್ಪಾಜಿ ಹೆದರಿ ಹಿಂದೆ ಸರೀಲಿಲ್ಲ. ಯಾರೋ ಕಲ್ಲೆತ್ತಿದ್ದು ನಂಗೆ ಕಾಣಿಸ್ತು. ಬಾ ಬಾ ಅಂತ ಅಂಗಿ ಹಿಡ್ದು ಎಳ್ದೆ. ಆರು ವರ್ಷ ನಂಗೆ. ಅವರು ನಿಂತಿದ್ದ ಜಾಗಕ್ಕೇ ಬಂದು ಬಿತ್ತು ಕಲ್ಲು."

"ಮತ್ತೆ ಈ ನೇಮ ಯಾಕಜ್ಜಿ?"

"ರಾಜ್ಯ ಕಳ್ದೋಳು ನಾನೇ ಅಂತ ಯಾವ ಬಾಯಲ್ಲಿ ಹೇಳ್ಲೋ?"

ಎಪ್ಪತ್ತೆರಡು ವರ್ಷದ ಒಂದು ಗುಟ್ಟು ಮುಚ್ಚಲು ಈ ಮುದುಕಿ ಮನೆಮಂದಿಯನ್ನೆಲ್ಲ ಬಕೆಟ್ ಹತ್ತಿಸಿದ್ದಳು! ದೊರೆಗೆ ಕೋಪ ಉಕ್ಕಿತು. ಅದರ ಬೆನ್ನಿಗೇ ಅಂಗಿ ಹಿಡಿದೆಳೆಯುವ ಆರು ವರ್ಷದ ಹುಡುಗಿ ಕಣ್ಣಿಗೆ ಕಟ್ಟಿದಳು.

"ಆಮೇಲೆ ಮುತ್ತಜ್ಜ ಎಷ್ಟು ವರ್ಷ ಇದ್ರು?"

"ಮೂವತ್ತೊಂದು. ನಿಮ್ಮಮ್ಮಂಗೆ ಸೈಕಲ್ ಕಲಿಸಿದ್ದು ಅವರೇ."

ದೊರೆ ಕಷ್ಟಪಟ್ಟು ಕೂತು ರಿವರ್ಸ್ ಗೇರ್ ಹಾಕಿದ. ಅಜ್ಜಿ ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿಗೆ ಎರಡೂ ಕೈ ಒತ್ತಿದಳು.

"ಬಾ, ಬಾ... ಜಾಗ ಇದೆ, ಬಾ. ಹೆದರ್ಬೇಡ, ನಾನಿದೀನಿ."

ಕಾರು ಕಂಬಗಳ ನಡುವೆ ಬಂದು ನಿಂತಿತು. ಇನ್‌ಸ್ಪೆಕ್ಟರು ಪಾಸ್ ಎಂದು ಬರೆದು, ಮೂಗು ಒರೆಸಿಕೊಂಡು ಇಳಿದುಹೋದರು. ದೊರೆ ಎಂಜಿನ್ ಆರಿಸಿದ. ಅಜ್ಜಿ ಗಾಜಿಗೆ ಹಣೆಯೊತ್ತಿಕೊಂಡು ಇನ್ನೂ ಬಾ, ಬಾ ಎಂದು ಕರೆಯುತ್ತಲೇ ಇದ್ದಳು.