ನೀರಿನಲ್ಲಿ ತೇಲಿ ಬಂದ ತುಂಡು

ಒಂದು ಗಾಜಿನ ಸ್ಲೈಡಿಗೆ ಮೂವತ್ತು ಸೆಂಟ್, ಒಂದು ಬ್ಲೇಡಿಗೆ ಎರಡೂವರೆ ಡಾಲರ್, ನೀರಿನ ಮೇಲ್ಮೈಯನ್ನು ಒಮ್ಮೆ ಒರೆಸುವ ಕಾಗದಕ್ಕೆ ಒಂದು ಸೆಂಟೂ ಇಲ್ಲ. ಆ ಮಂಗಳವಾರ ಮಾರ್ಲಿಸ್ ಟ್ವೈಟ್ ಉಳಿಸಿದ್ದು ಈ ಕಾಗದವನ್ನು.

ಅಮೆರಿಕದ ಮಿನೆಸೋಟದ ಒಂದು ಪಶುರೋಗ ಪ್ರಯೋಗಾಲಯದಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಇದ್ದಳು. ಮೇಣದ ಬ್ಲಾಕಿನಲ್ಲಿ ಹುದುಗಿಸಿದ ಮಾಂಸದ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ ಸ್ಲೈಡಿಗೆ ಹತ್ತಿಸುವುದು ಅವಳ ಕೆಲಸ. ಒಂದು ಪ್ರಾಣಿಯದು ಮುಗಿದ ಮೇಲೆ ನೀರನ್ನು ಒರೆಸಿಯೇ ಇನ್ನೊಂದಕ್ಕೆ ಕೈಹಾಕಬೇಕು. ಅವತ್ತು ಐವತ್ತೆರಡು ಬ್ಲಾಕುಗಳಿದ್ದವು. ನಡುವೆ ಒಮ್ಮೆ ಒರೆಸಲಿಲ್ಲ.

ಬುಧವಾರ, ಸ್ಲೈಡ್ ನೋಡಿ ವರದಿ ಬರೆಯುವ ಡಾ. ಪೆಲ್ಟಿಯರ್ ಒಂದು ನಾಯಿಯ ಮುಂಗಾಲಿನಲ್ಲಿ ಎದ್ದಿದ್ದ ಗಂಟಿನ ಸ್ಲೈಡ್ ನೋಡುತ್ತಿದ್ದರು. ಸೂಕ್ಷ್ಮದರ್ಶಕದಿಂದ ತಲೆಯೆತ್ತದೆಯೇ ಕೇಳಿದರು:

"ಮಾರ್ಲಿಸ್, ಮೂಲೇಲಿರೋ ತುಂಡೂ ಇದೇ ನಾಯಿದಾ? ಯಾಕೋ ಬೇರೆ ಥರ ಕಾಣ್ತಿದೆ."

ಬ್ಲಾಕನ್ನು ತೆಗೆದು ನೋಡಲು ಒಂದು ನಿಮಿಷ ಸಾಕಿತ್ತು. ಅವಳು ಏಳಲಿಲ್ಲ.

"ಅದರದೇ ಡಾಕ್ಟ್ರೇ. ನೀವು ಕನ್ನಡಕ ಬದಲಾಯಿಸೋ ಕಾಲ ಬಂತು."

"ನೀನಂದ್ಮೇಲೆ ಮುಗೀತು ಬಿಡು," ಎಂದು ನಕ್ಕು ಅವರು ಕ್ಯಾನ್ಸರ್ ಎಂದು ಬರೆದರು.

ಗುರುವಾರ ಬ್ಲಾಕುಗಳನ್ನು ಎತ್ತಿಡುವಾಗ ಮಾರ್ಲಿಸ್ ನೋಡಿದಳು: ಆ ನಾಯಿಯ ಬ್ಲಾಕಿನಲ್ಲಿದ್ದದ್ದು ಒಂದೇ ತುಂಡು. ಸ್ಲೈಡಿನ ಮೇಲೆ ಎರಡಿದ್ದವು. ಆ ಬ್ಲಾಕನ್ನೇ ಮತ್ತೆ ಕೊಯ್ದು, ಬಣ್ಣ ಹಾಕಿ ನೋಡಿದಳು. ಗಾಯ ಮಾಗುವಾಗ ಹುಟ್ಟುವ ಎಳೆಗಳು, ಊತದ ಜೀವಕೋಶಗಳು, ನಡುವೆ ಒಂದು ಮುಳ್ಳಿನ ಚೂರು. ಅಷ್ಟೇ. ಕ್ಯಾನ್ಸರ್ ಇದ್ದದ್ದು ಅದಕ್ಕೆ ಮುಂಚೆ ಕೊಯ್ದ ಬೇರೆ ನಾಯಿಗೆ. ಅದರ ತುಣುಕು ನೀರಿನಲ್ಲಿ ಉಳಿದು ಇದಕ್ಕೆ ಅಂಟಿಕೊಂಡಿತ್ತು.

ಡಾಕ್ಟರರ ಬಾಗಿಲವರೆಗೂ ಹೋದಳು. ಅವರು ಫೋನಿನಲ್ಲಿದ್ದರು. ನಾಳೆ ಹೇಳಿದರಾಯಿತು ಎಂದು ಕೋಟು ಹಾಕಿಕೊಂಡು ಮನೆಗೆ ಹೊರಟಳು. ಫೋನು ಒಂದು ನೆಪ. ಹೆಸರು ಹೋಗುತ್ತದೆಂಬ ಹೆದರಿಕೆಯೇ ನಿಜ.

ಶುಕ್ರವಾರ ಒಂಬತ್ತಕ್ಕೆ ಹೇಳಿದಳು. ಪೆಲ್ಟಿಯರ್ ತಕ್ಷಣ ನಾಯಿಯ ವೈದ್ಯರಿಗೆ ಫೋನ್ ಮಾಡಿದರು. ವರದಿ ನಂಬಿ ಎಂಟಕ್ಕೇ ಅದರ ಕಾಲು ತೆಗೆದಾಗಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ನಾಲ್ಕಕ್ಕೆ."

ಅವರು ಎದ್ದು ಹೋಗಿ ಬ್ಲಾಕನ್ನು ತಾವೇ ತೆಗೆದು ನೋಡಿದರು. ಬೈದಿದ್ದರೆ ವಾಸಿ ಇತ್ತು.

ನಾಯಿಯ ಯಜಮಾನ ಎಮ್ಮೆಟ್ ಕ್ರೂಗರ್‌ಗೆ ಮಾರ್ಲಿಸ್ ತಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಅಂದ್ರೆ ಟ್ರಿಕ್ಸಿ ಸಾಯಲ್ವಾ?"

"ಇಲ್ಲ. ಆದ್ರೆ ಕಾಲು ಸುಮ್ನೆ ಹೋಯ್ತು. ನಿನ್ನೇನೇ ಬಾಯಿ ಬಿಟ್ಟಿದ್ರೆ ಉಳೀತಿತ್ತು. ತಪ್ಪು ನಂದು."

"ಬೇಟೇಲಿ ಹೊಡೆದ ಬಾತುಕೋಳಿ ತರೋಕೆ ಅದರಷ್ಟು ಜೋರಾಗಿ ಈಜೋ ನಾಯಿ ಈ ಸುತ್ತಮುತ್ತಲೇ ಇರಲಿಲ್ಲ ಮೇಡಂ. ಇನ್ಮೇಲೆ ಸೋಫಾ ಮೇಲೆ ಬಿದ್ಕೊಂಡಿರ್ಲಿ. ಮನೇಲಿ ಮಹಾ ಸೋಮಾರಿ, ಅದಕ್ಕೆ ಅದೇ ಬೇಕಿತ್ತು. ಕ್ಷಮಿಸಿ ಅಂತ ಮಾತ್ರ ಇವತ್ತು ಕೇಳ್ಬೇಡಿ."

"ಕೇಳಲ್ಲ," ಎಂದಳು ಮಾರ್ಲಿಸ್.

ಅವಳ ಕೆಲಸವೇನೋ ಉಳಿಯಿತು. ಅವಳ ಮಾತನ್ನಷ್ಟೇ ನಂಬಿ ಪೆಲ್ಟಿಯರ್ ವರದಿ ಬರೆಯುವುದು ನಿಂತಿತು. ಟ್ರಿಕ್ಸಿಗೆ ಆಯುಸ್ಸು ಸಿಕ್ಕಿತು, ರೋಗವೇ ಇಲ್ಲದ ಒಂದು ಕಾಲು ಹೋಯಿತು.